ನಿಲ್ಲುವುದನ್ನು ಕಲಿತವರ ಗಾಡಿ

ಕಾರು ಹೇಗಿದೆ ಎಂದು ತಿಳಿಯಬೇಕಾದರೆ ಮಾಲೀಕರನ್ನು ಕೇಳಬಾರದು, ಡ್ರೈವರನ್ನು ಕೇಳಬೇಕು. ಕೊಟ್ಟ ದುಡ್ಡಿಗೆ ಸಮಾಧಾನ ಹೇಳಿಕೊಳ್ಳುವ ದರ್ದು ಮಾಲೀಕರಿಗಿರುತ್ತದೆ, ಡ್ರೈವರಿಗೆ ಆ ಹಂಗಿಲ್ಲ. ಬಾಡಿಗೆ ಗಾಡಿ ಓಡಿಸಿ ಮನೆ ನಡೆಸುವವರ ಲೆಕ್ಕವೇ ಬೇರೆ. ಒಳಗೆ ಎಂಟು ಜನ, ಮೇಲೆ ಕ್ಯಾರಿಯರ್ ತುಂಬ ಲಗೇಜು ಹೊತ್ತು ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನ್ ಬಿಸಿಯಾಯಿತೇ? ಚಳಿಗಾಲದ ಬೆಳಗಿನ ಜಾವ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತೇ? ಶಬರಿಮಲೆಗೆ ಹೋಗಿ ಬಂದ ಮೇಲೆ ಸೊಂಟ ಎಷ್ಟು ನೋಯಿತು? ಮೂರು ಲಕ್ಷ ಕಿಲೋಮೀಟರ್ ಓಡಿದ ಗಾಡಿಯನ್ನು ಮಾರಲು ಹೋದರೆ ಎಷ್ಟು ಕೇಳಿದರು? ಈ ಪ್ರಶ್ನೆಗಳನ್ನು ನಮ್ಮ ರಾಜ್ಯದ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಕೇಳಿ ನೋಡಿ. ಬಹಳ ಕಡೆ ಮಾತು ಇನ್ನೋವಾದ ಹತ್ತಿರ ಬಂದು ನಿಲ್ಲುತ್ತದೆ. "ಡೀಸೆಲ್ ಹಾಕಿ, ಹೊತ್ತಿಗೆ ಸರಿಯಾಗಿ ಆಯಿಲ್ ಚೇಂಜ್ ಮಾಡ್ಸಿ, ಓಡಿಸ್ತಾ ಇರಿ ಸಾರ್. ಕೈ ಕೊಡಲ್ಲ" ಎನ್ನುತ್ತಾರೆ.

ಟೊಯೊಟಾ ಎಂಬ ಜಪಾನಿ ಕಂಪನಿಗೆ ಈ ಹೆಸರು ಹೇಗೆ ಬಂತು ಎಂಬುದೇ ಇಂದಿನ ಮಾತು. ನನಗೆ ತೋರುವ ಉತ್ತರ ಸ್ವಲ್ಪ ವಿಚಿತ್ರವಾಗಿದೆ. ನಡುದಾರಿಯಲ್ಲಿ ನಿಲ್ಲದ ಗಾಡಿಯನ್ನು ಮಾಡಿದವರು ತಮ್ಮ ಕಾರ್ಖಾನೆಯನ್ನು ಆಗಾಗ ನಿಲ್ಲಿಸುವುದನ್ನು ಕಲಿತವರು. ಅವರಿಗೆ ಆ ಪಾಠ ಸಿಕ್ಕಿದ್ದು ಮಗ್ಗದಿಂದ.

ಸಾಕಿಚಿ ಟೊಯೊಡಾ ಹುಟ್ಟಿದ್ದು 1867ರಲ್ಲಿ, ಇಂದಿನ ಶಿಜುಒಕಾ ಪ್ರಾಂತದ ಒಂದು ಹಳ್ಳಿಯಲ್ಲಿ. ತಂದೆ ಬಡಗಿ. ಸುತ್ತಲೂ ಮನೆಮನೆಯಲ್ಲಿ ನೇಯುವ ಸೀಮೆ. ಹುಡುಗ ಬಡಗಿ ಕೆಲಸ ಕಲಿತ, ಆದರೆ ಕೈ ಮಾತ್ರ ಮಗ್ಗದ ಕಡೆಗೇ ಹೋಗುತ್ತಿತ್ತು. 1891ರಲ್ಲಿ ಮರದ ಕೈಮಗ್ಗಕ್ಕೆ ಮೊದಲ ಪೇಟೆಂಟ್ ಪಡೆದ. ಅಲ್ಲಿಂದ ಮೂವತ್ತು ವರ್ಷಕ್ಕೂ ಮೇಲೆ ತಿದ್ದುತ್ತ ತಿದ್ದುತ್ತ, 1924ರಲ್ಲಿ ಮಗ ಕಿಚಿರೋನ ಜೊತೆಗೂಡಿ "ಜಿ" ಮಾದರಿಯ ಸ್ವಯಂಚಾಲಿತ ಮಗ್ಗವನ್ನು ಮುಗಿಸಿದ. ಓಟ ನಿಲ್ಲಿಸದೆಯೇ ಲಾಳಿಯನ್ನು ಬದಲಾಯಿಸಿಕೊಳ್ಳುವುದು ಅದರ ದೊಡ್ಡ ಹೆಚ್ಚುಗಾರಿಕೆ. ನಮಗೆ ಬೇಕಾದದ್ದು ಅದರ ಇನ್ನೊಂದು ಗುಣ.

ನೇಕಾರಿಕೆ ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹಾಸಿನಲ್ಲಿ ಸಾವಿರಾರು ಎಳೆ ಇರುತ್ತವೆ. ಒಂದು ಎಳೆ ಕಡಿದರೂ ಮಗ್ಗ ತನ್ನ ಪಾಡಿಗೆ ತಾನು ನೇಯುತ್ತ ಹೋಗುತ್ತದೆ, ಬಟ್ಟೆಯ ಉದ್ದಕ್ಕೂ ಒಂದು ಗೀರು ಬಿದ್ದು ಹೋಗುತ್ತದೆ. ಅದಕ್ಕೇ ಹಿಂದೆ ಮಗ್ಗದ ಪಕ್ಕದಲ್ಲಿ ಆಳು ಕಣ್ಣಿಟ್ಟು ನಿಲ್ಲಬೇಕಿತ್ತು. ಸಾಕಿಚಿಯ ಮಗ್ಗದಲ್ಲಿ ಹಾಸಿನ ಪ್ರತಿಯೊಂದು ಎಳೆಯೂ ಒಂದು ತೆಳು ಲೋಹದ ಪಟ್ಟಿಯನ್ನು ಎತ್ತಿ ಹಿಡಿದಿರುತ್ತದೆ. ಎಳೆ ಬಿಗಿಯಾಗಿರುವ ತನಕ ಪಟ್ಟಿ ಮೇಲೇ ಇರುತ್ತದೆ. ಎಳೆ ಕಡಿಯಿತೋ, ಪಟ್ಟಿ ಕೆಳಗೆ ಬಿದ್ದು, ಅತ್ತಿತ್ತ ಆಡುವ ಸಲಾಕೆಗೆ ಅಡ್ಡವಾಗಿ, ಇಡೀ ಮಗ್ಗ ಗಕ್ಕನೆ ನಿಲ್ಲುತ್ತದೆ. ನಿಂತ ಮಗ್ಗದ ಹತ್ತಿರ ಹೋಗಿ ಎಳೆ ಕಟ್ಟಿದರಾಯಿತು. ಒಬ್ಬನೇ ಆಳು ಹತ್ತಾರು ಮಗ್ಗಗಳನ್ನು ನೋಡಿಕೊಳ್ಳಬಹುದು. ಕೆಟ್ಟ ಬಟ್ಟೆ ಒಂದು ಗೇಣೂ ಹುಟ್ಟುವುದಿಲ್ಲ.

1929ರಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನ ಪ್ಲಾಟ್ ಬ್ರದರ್ಸ್ ಕಂಪನಿ ಈ ಮಗ್ಗದ ಹಕ್ಕನ್ನು ಒಂದು ಲಕ್ಷ ಪೌಂಡಿಗೆ ಮಾತಾಡಿ ಕೊಂಡಿತು. ಜಗತ್ತಿಗೆಲ್ಲ ಮಗ್ಗ ಮಾರುತ್ತಿದ್ದ ಇಂಗ್ಲೆಂಡು ಜಪಾನಿನ ಬಡಗಿಯೊಬ್ಬನ ಮಗ್ಗವನ್ನು ಕೊಂಡಿತೆಂದರೆ ಅಂದಿನ ಕಾಲಕ್ಕೆ ಸಣ್ಣ ಸುದ್ದಿಯಲ್ಲ. ಒಪ್ಪಂದಕ್ಕೆಂದು ಹೋಗಿದ್ದ ಕಿಚಿರೋ ಅಮೆರಿಕ, ಇಂಗ್ಲೆಂಡುಗಳಲ್ಲಿ ಕಾರು ಕಾರ್ಖಾನೆಗಳನ್ನೂ ನೋಡಿಕೊಂಡು ಬಂದ. ಮಗ್ಗದ ಹಣವೇ ಕಾರಿಗೆ ಮೂಲಧನವಾಯಿತು ಎಂಬ ಕತೆ ಆ ಮನೆತನದಲ್ಲಿ ಬಹುಕಾಲ ನಡೆದುಬಂದಿದೆ. ಲೆಕ್ಕ ಅಷ್ಟು ನೇರವಾಗಿತ್ತೋ ಇಲ್ಲವೋ, 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಒಂದು ಮೋಟಾರು ವಿಭಾಗ ತೆರೆದುಕೊಂಡಿತು. 1937ರಲ್ಲಿ ಅದು ಟೊಯೊಟಾ ಮೋಟಾರ್ ಎಂಬ ಬೇರೆ ಕಂಪನಿಯಾಯಿತು.

ಶುರುವಿನಲ್ಲೇ ಭೇಷ್ ಎನ್ನಿಸಿಕೊಂಡರು ಎಂದುಕೊಳ್ಳಬೇಡಿ. 1935ರ ನವೆಂಬರಿನಲ್ಲಿ ಮೊದಲ ಲಾರಿ "ಜಿ1" ಟೋಕಿಯೋದ ಬಿಡುಗಡೆ ಸಮಾರಂಭಕ್ಕೆ ಹೊರಟಾಗ ದಾರಿಯಲ್ಲೇ ಅದರ ಸ್ಟಿಯರಿಂಗ್ ಭಾಗ ಮುರಿಯಿತು. ರಿಪೇರಿ ಮಾಡಿಕೊಂಡು ಹೇಗೋ ಹೊತ್ತಿಗೆ ಮುಟ್ಟಿದರು. ಮಾರಿದ ಲಾರಿಗಳೂ ಕಂಡಕಂಡಲ್ಲಿ ಕೆಟ್ಟು ನಿಲ್ಲುತ್ತಿದ್ದವು. ಕೆಟ್ಟ ಲಾರಿಯನ್ನು ಹುಡುಕಿಕೊಂಡು ಹೋಗಿ ಪುಕ್ಕಟೆಯಾಗಿ ಸರಿಮಾಡಿ ಕೊಡುವುದು, ಮುರಿದ ಭಾಗವನ್ನು ಕಾರ್ಖಾನೆಗೆ ತಂದು ಮತ್ತೆ ಅದು ಮುರಿಯದಂತೆ ತಿದ್ದುವುದು ಮಾರಾಟದವರ ನಿತ್ಯದ ಕೆಲಸವಾಯಿತು. ಗಾಡಿಯ ಗುಣಕ್ಕಿಂತ ಮೊದಲು ಹುಟ್ಟಿದ್ದು ಈ ಚಾಳಿ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಂಪನಿ ದಿವಾಳಿಯ ಅಂಚಿಗೆ ಬಂತು. 1950ರಲ್ಲಿ ಬ್ಯಾಂಕುಗಳು ಬಿಗಿ ಹಿಡಿದವು, ಮುಷ್ಕರವಾಯಿತು, ಎರಡು ಸಾವಿರದಷ್ಟು ಜನ ಕೆಲಸ ಬಿಡಬೇಕಾಯಿತು. ಅದರ ಹೊಣೆ ಹೊತ್ತು ಜೂನ್ ಮೊದಲ ವಾರದಲ್ಲಿ ಕಿಚಿರೋ ಅಧ್ಯಕ್ಷ ಪದವಿಯಿಂದ ಇಳಿದ. ಅದೇ ತಿಂಗಳ 25ಕ್ಕೆ ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೈನ್ಯ ಲಾರಿಗಳಿಗೆ ಆರ್ಡರ್ ಕೊಟ್ಟಿತು. ಕಂಪನಿ ಬದುಕಿಕೊಂಡಿತು. ಕಿಚಿರೋ ಮತ್ತೆ ಆ ಕುರ್ಚಿಗೆ ಬರುವ ಮುನ್ನವೇ 1952ರಲ್ಲಿ ತೀರಿಕೊಂಡ, ಐವತ್ತೇಳನೆಯ ವಯಸ್ಸಿಗೆ.

ಇಲ್ಲಿ ತಾಯಿಚಿ ಓನೋ ಎಂಬವರು ಬರುತ್ತಾರೆ. ಟೊಯೊಡಾ ಮನೆತನದ ನೂಲಿನ ಗಿರಣಿಯಲ್ಲಿ ಪಳಗಿ ಆಮೇಲೆ ಕಾರಿನ ಕಡೆಗೆ ಬಂದ ಮನುಷ್ಯ. ಎಳೆ ಕಡಿದರೆ ನಿಲ್ಲುವ ಮಗ್ಗವನ್ನು ಕಣ್ಣಾರೆ ಕಂಡವರು. ಕಾರು ಜೋಡಿಸುವ ಸಾಲನ್ನೂ ಹಾಗೆ ನಿಲ್ಲಿಸಲು ಯಾಕಾಗಬಾರದು ಎಂಬುದು ಅವರ ಪ್ರಶ್ನೆ. ಅಮೆರಿಕದ ಕಾರ್ಖಾನೆಗಳಲ್ಲಿ ಸಾಲು ನಿಲ್ಲಿಸುವುದೆಂದರೆ ಮಹಾಪರಾಧ. ಬೋಲ್ಟು ಸಡಿಲವಿರಲಿ, ಬಾಗಿಲು ಓರೆಯಾಗಿರಲಿ, ಮುಂದೆ ತಳ್ಳು, ಕೊನೆಗೆ ನೋಡಿಕೊಂಡರಾಯಿತು ಎಂಬುದು ಅಲ್ಲಿಯ ಪದ್ಧತಿ. ಓನೋ ಅದನ್ನು ತಿರುಗಿಸಿದರು. ತಪ್ಪು ಕಂಡ ಕೆಲಸಗಾರ, ಅವನು ನಿನ್ನೆ ಸೇರಿದವನಾದರೂ ಸರಿ, ತಲೆಯ ಮೇಲಿನ ಹಗ್ಗ ಎಳೆಯಬೇಕು. ಎಳೆದ ಕೂಡಲೇ ದೀಪ ಹೊತ್ತುತ್ತದೆ, ಮೇಸ್ತ್ರಿ ಓಡಿ ಬರುತ್ತಾನೆ. ಕಾರು ಮುಂದಿನ ಗುರುತು ಮುಟ್ಟುವುದರೊಳಗೆ ತಪ್ಪು ಸರಿಹೋದರೆ ಸಾಲು ಸಾಗುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ನಿಂತ ಮೇಲೆ ಯಾರು ಮಾಡಿದ್ದು ಎಂದು ಕೇಳುವಂತಿಲ್ಲ. ಯಾಕಾಯಿತು ಎಂದು ಕೇಳಬೇಕು. ಉತ್ತರ ಬಂದರೆ ಅದು ಯಾಕೆ, ಅದಾದರೂ ಯಾಕೆ ಎಂದು ಐದು ಸಲ ಕೆದಕಬೇಕು. ಓನೋ ಸಾಮಾನ್ಯದ ಆಸಾಮಿಯಲ್ಲ. ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಸುತ್ತು ಎಳೆದು, ಹೊಸ ಎಂಜಿನಿಯರನ್ನು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸಿ, "ನೋಡು" ಎಂದು ಹೇಳಿ ಹೋಗುತ್ತಿದ್ದರಂತೆ. ಸಂಜೆ ಬಂದು ಏನು ಕಂಡೆ ಎಂದು ಕೇಳುತ್ತಿದ್ದರಂತೆ.

ಈ ಪದ್ಧತಿಯನ್ನು ಹೊಗಳಿ ಬಂದ ಪುಸ್ತಕಗಳಿಗೆ ಲೆಕ್ಕವಿಲ್ಲ. ಆ ಹೊಗಳಿಕೆಯ ಪಕ್ಕದಲ್ಲೇ ಇನ್ನೊಂದನ್ನೂ ಇಟ್ಟುಕೊಳ್ಳಬೇಕು. 1972ರಲ್ಲಿ ಸತೋಶಿ ಕಮಾತಾ ಎಂಬ ಜಪಾನಿ ಪತ್ರಕರ್ತ ಹಂಗಾಮಿ ಕೂಲಿಯಾಗಿ ಟೊಯೊಟಾ ಸೇರಿ, ಅಲ್ಲಿ ಕಂಡದ್ದನ್ನು ಪುಸ್ತಕ ಮಾಡಿದ. ಸಾಲಿನ ವೇಗಕ್ಕೆ ಮೈ ಒಗ್ಗಿಸಿಕೊಳ್ಳಲಾಗದೆ ಸೋತು ಬೀಳುವವರ ಚಿತ್ರ ಅದರಲ್ಲಿದೆ. ಗಾಡಿ ಕೈಕೊಡದಿರಲು ಯಾರದೋ ಕೈ ಸೋತಿರುತ್ತದೆ ಎಂಬುದು ಡ್ರೈವರಿಗೂ ಕಾಣುವುದಿಲ್ಲ, ಹಿಂದೆ ಕೂತವರಿಗಂತೂ ಇಲ್ಲವೇ ಇಲ್ಲ.

ಇನ್ನು ದೇಶಾಂತರದ ಮಾತು. 1957ರಲ್ಲಿ ಕ್ರೌನ್ ಎಂಬ ಕಾರನ್ನು ಹಡಗು ಹತ್ತಿಸಿ ಅಮೆರಿಕಕ್ಕೆ ಒಯ್ದರು. ಜಪಾನಿನ ಹಾಳು ರಸ್ತೆಗೆಂದು ಗಟ್ಟಿಮುಟ್ಟಾಗಿ ಮಾಡಿದ ಕಾರು ಅದು. ಅಲ್ಲಿಯ ಹೆದ್ದಾರಿಯ ವೇಗಕ್ಕೆ ಎಂಜಿನ್ ಕಾದು ಕೆಂಡವಾಯಿತು, ಮೈಯೆಲ್ಲ ನಡುಗಿತು. 1958ರಲ್ಲಿ ಮಾರಾಟವಾದದ್ದು 287 ಕ್ರೌನ್, ಒಂದು ಲ್ಯಾಂಡ್ ಕ್ರೂಸರ್. ಕೊನೆಗೆ ಕಾರು ಕಳಿಸುವುದನ್ನೇ ನಿಲ್ಲಿಸಿ, ಲ್ಯಾಂಡ್ ಕ್ರೂಸರ್ ಒಂದನ್ನೇ ಮಾರಿಕೊಂಡು ಅಂಗಡಿ ತೆರೆದಿಟ್ಟರು. 1965ರ ಹೊತ್ತಿಗೆ ತಿದ್ದಿದ ಕೊರೋನಾ ಕಾರಿನೊಂದಿಗೆ ಮತ್ತೆ ಬಂದರು, ಆಗ ಜನ ಕೊಂಡರು. ಸೋತ ಮೇಲೆ ಹಟಕ್ಕೆ ಬೀಳದೆ ಹಿಂದೆ ಸರಿದು, ರಿಪೇರಿ ಮಾಡಿಕೊಂಡು ಬರುವ ಈ ಗುಣ ನನಗೆ ಅವರ ಯಾವ ಎಂಜಿನ್ನಿಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಲ್ಯಾಂಡ್ ಕ್ರೂಸರಿನ ಹುಟ್ಟು ಕೂಡ ಸ್ವಾರಸ್ಯದ್ದು. 1951ರಲ್ಲಿ ಅದರ ಮೊದಲ ರೂಪವನ್ನು ಇಚಿರೋ ತೈರಾ ಎಂಬ ಚಾಲಕ ಫ್ಯೂಜಿ ಪರ್ವತದ ಆರನೆಯ ತಂಗುದಾಣದವರೆಗೆ ಹತ್ತಿಸಿದ. ಅದಕ್ಕೆ ಮೊದಲು ಆ ಪರ್ವತದಲ್ಲಿ ಅಷ್ಟು ಎತ್ತರಕ್ಕೆ ಯಾವ ಗಾಡಿಯೂ ಹೋಗಿರಲಿಲ್ಲ. ಅದರ ಬಲದ ಮೇಲೆ ಜಪಾನಿನ ಪೊಲೀಸರು 289 ಗಾಡಿಗಳಿಗೆ ಆರ್ಡರ್ ಕೊಟ್ಟರು. ಆಮೇಲೆ ಆಫ್ರಿಕದ ಮರಳುಗಾಡು, ಆಸ್ಟ್ರೇಲಿಯದ ಒಳನಾಡು, ಅರಬ್ಬರ ನಾಡು ಎಲ್ಲ ಕಡೆಯೂ ಅದೇ ಓಡಾಟ. 1987ರಲ್ಲಿ ಚಾಡ್ ದೇಶದ ಯೋಧರು ಟೊಯೊಟಾ ಪಿಕಪ್‌ಗಳ ಬೆನ್ನಿಗೆ ಕ್ಷಿಪಣಿ ಕಟ್ಟಿಕೊಂಡು ಲಿಬಿಯಾದ ಟ್ಯಾಂಕುಗಳನ್ನು ಓಡಿಸಿಬಿಟ್ಟರು, ಆ ಕಾಳಗಕ್ಕೆ ಟೊಯೊಟಾ ಯುದ್ಧ ಎಂದೇ ಹೆಸರು ಬಿತ್ತು. ಕಂಪನಿಗೆ ಇಂಥ ಪ್ರಚಾರ ಬೇಕಿತ್ತೆಂದು ಹೇಳಲಾರೆ. ಕೊರೊಲ್ಲಾದ ಕತೆ ಒಂದೇ ಮಾತಿನದು. 1966ರಲ್ಲಿ ಬಂತು, ಆ ಹೆಸರಿನಲ್ಲಿ ಐದು ಕೋಟಿಗೂ ಹೆಚ್ಚು ಕಾರು ಮಾರಾಟವಾದವು.

ಈಗ ನಮ್ಮ ಊರಿಗೆ ಬರೋಣ. ಕಾರಿಗಿಂತ ಮೊದಲು ಇಲ್ಲಿಗೆ ಬಂದದ್ದು ಅವರ ನೂಲಿನ ಯಂತ್ರ. 1995ರಲ್ಲಿ ಟೊಯೊಡಾ ಮಗ್ಗದ ಕಂಪನಿ ಕಿರ್ಲೋಸ್ಕರರ ಜೊತೆ ಸೇರಿತು, ಜಿಗಣಿಯಲ್ಲಿ ನೂಲುವ ಯಂತ್ರ ಮಾಡುವ ಕಾರ್ಖಾನೆ ಎದ್ದಿತು. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿತು. ಅಲ್ಲಿಯ ತನಕ ತಟ್ಟೆ ಇಡ್ಲಿಗೆ ಹೆಸರಾಗಿದ್ದ ಬಿಡದಿಯಿಂದ 2000ದ ಜನವರಿಯಲ್ಲಿ ಕ್ವಾಲಿಸ್ ರಸ್ತೆಗಿಳಿಯಿತು.

ಕ್ವಾಲಿಸ್ ನೋಡಿ ಪತ್ರಿಕೆಯವರು ಮೂಗು ಮುರಿದರು. ಇಂಡೋನೇಷ್ಯಾದಲ್ಲಿ ಕಿಜಾಂಗ್ ಎಂಬ ಹೆಸರಲ್ಲಿ ಓಡಿದ್ದ ಹಳೆಯ ಡಬ್ಬವನ್ನು ತಂದು ನಮ್ಮ ತಲೆಗೆ ಕಟ್ಟುತ್ತಿದ್ದಾರೆ ಎಂದು ದೂರು. ದೂರು ಸುಳ್ಳೇನಲ್ಲ, ಚೌಕಾಕಾರದ ಮೈ, ಹಳೇ ಕಾಲದ 2.4 ಲೀಟರ್ ಡೀಸೆಲ್ ಎಂಜಿನ್. ಅಂದವಾಗಿದೆ ಎಂದು ಯಾರೂ ಹೇಳಲಿಲ್ಲ. ಆದರೆ ಬೆಂಗಳೂರಿನಲ್ಲಿ ಅದೇ ಹೊತ್ತಿಗೆ ಕಾಲ್ ಸೆಂಟರುಗಳು ಏಳುತ್ತಿದ್ದವು. ರಾತ್ರಿಯಿಡೀ ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಜನರನ್ನು ಹೊತ್ತು ಓಡುವ ಗಾಡಿ ಬೇಕಿತ್ತು. ಒಬ್ಬ ಡ್ರೈವರ್ ಇಳಿದರೆ ಇನ್ನೊಬ್ಬ ಹತ್ತುತ್ತಿದ್ದ, ಎಂಜಿನ್ ಆರಲು ಪುರಸೊತ್ತಿರಲಿಲ್ಲ. ಆ ದುಡಿಮೆಯನ್ನು ಕ್ವಾಲಿಸ್ ಮರುಮಾತಿಲ್ಲದೆ ಹೊತ್ತಿತು. ಊರೂರಿನ ಯುವಕರು ಸಾಲ ಮಾಡಿ ಕ್ವಾಲಿಸ್ ತಂದು ಐಟಿ ಕಂಪನಿಗಳಿಗೆ ಬಿಟ್ಟರು, ಕೆಲವರು ಅದರ ದುಡಿಮೆಯಲ್ಲೇ ಎರಡನೆಯದನ್ನೂ ಕೊಂಡರು. ಇಷ್ಟು ಚೆನ್ನಾಗಿ ಓಡುತ್ತಿದ್ದ ಗಾಡಿಯನ್ನು 2005ರಲ್ಲಿ ಕಂಪನಿ ತಾನೇ ನಿಲ್ಲಿಸಿಬಿಟ್ಟಿತು. ಡ್ರೈವರುಗಳು ಬೈದುಕೊಂಡರು. ಅದರ ಜಾಗಕ್ಕೆ ಬಂದದ್ದು ಇನ್ನೋವಾ.

ಇನ್ನೋವಾ ನಮ್ಮ ರಸ್ತೆಗೆ ಒಗ್ಗಿದ್ದಕ್ಕೆ ಕಾರಣ ಅದರ ಅಡಿಯಲ್ಲಿದೆ. ಅದರದ್ದು ಲಾರಿಗಳಿಗಿರುವಂತೆ ಬೇರೆಯೇ ಚಾಸಿ, ಅದರ ಮೇಲೆ ಕೂರಿಸಿದ ಮೈ. ಎಳೆಯುವುದು ಹಿಂದಿನ ಚಕ್ರ. ಹೈಲಕ್ಸ್ ಪಿಕಪ್, ಫಾರ್ಚುನರ್ ಎಲ್ಲ ಅದೇ ಬಳಗದವು. ಹಿಂದಿನ ಚಕ್ರ ಎಳೆಯುವ ಗಾಡಿಗೆ ಭಾರ ಹೇರಿದಷ್ಟೂ ಚಕ್ರದ ಹಿಡಿತ ಹೆಚ್ಚು, ಹಾಗಾಗಿ ಜನ ತುಂಬಿಸಿಕೊಂಡು ಘಾಟಿ ಹತ್ತುವಾಗ ಅದು ತಿಣುಕುವುದಿಲ್ಲ. ಮೊದಲ ಇನ್ನೋವಾದ 2.5 ಲೀಟರಿನ ಟರ್ಬೊ ಡೀಸೆಲ್ ಎಂಜಿನ್ ಕಡಿಮೆ ವೇಗದಲ್ಲೇ ಬಲ ಕೊಡುತ್ತದೆ, ಪದೇಪದೇ ಗೇರ್ ಇಳಿಸಬೇಕಾಗಿಲ್ಲ. ದಿನಕ್ಕೆ ಹದಿನಾಲ್ಕು ಗಂಟೆ ಕ್ಲಚ್ ತುಳಿಯುವ ಎಡಗಾಲಿಗೆ ಅದರ ಬೆಲೆ ಗೊತ್ತು.

ಪಳಗಿದ ಡ್ರೈವರುಗಳಲ್ಲಿ ಒಂದು ಅಭ್ಯಾಸ ಗಮನಿಸಿ. ಘಾಟಿ ಹತ್ತಿ ಮೇಲೆ ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸುತ್ತಾರೆ, ಆದರೆ ಎಂಜಿನ್ ಆರಿಸುವುದಿಲ್ಲ. ಹಿಂದೆ ಕೂತವರು "ಡೀಸೆಲ್ ದಂಡ ಅಲ್ವಾ" ಎನ್ನುತ್ತಾರೆ. ಅವರು ಒಂದು ನಿಮಿಷ ಹಾಗೇ ಬಿಟ್ಟು ಆಮೇಲೆ ಕೀ ತಿರುಗಿಸುತ್ತಾರೆ. ಏರಿನಲ್ಲಿ ದುಡಿದ ಟರ್ಬೊ ಕೆಂಪಗೆ ಕಾದಿರುತ್ತದೆ, ಭಯಂಕರ ವೇಗದಲ್ಲಿ ತಿರುಗುತ್ತಿರುತ್ತದೆ. ಕೂಡಲೇ ಎಂಜಿನ್ ಆರಿಸಿದರೆ ಅದಕ್ಕೆ ಹೋಗುವ ಎಣ್ಣೆ ಅಲ್ಲಿಗೇ ನಿಂತು, ಬೇರಿಂಗಿನಲ್ಲಿ ಸೀದು ಕರಿ ಕಟ್ಟುತ್ತದೆ. ಟರ್ಬೊ ಹೋದರೆ ಒಂದು ತಿಂಗಳ ಬಾಡಿಗೆ ಹೋದಂತೆ. ಮೂರು ನಾಲ್ಕು ಲಕ್ಷ ಕಿಲೋಮೀಟರ್ ಓಡಿದ ಇನ್ನೋವಾ ಕಂಡಾಗ ನಾವು ಕಂಪನಿಯನ್ನು ಹೊಗಳುತ್ತೇವೆ. ಅರ್ಧ ಹೊಗಳಿಕೆ ಈ ಒಂದು ನಿಮಿಷಕ್ಕೆ ಸಲ್ಲಬೇಕು.

ದೂರುಗಳೂ ಇವೆ. ಬೆಲೆ ಮೊದಲಿಂದಲೂ ಮೈಮೇಲೆ ಬರುವಂಥದ್ದು, ಈಗಂತೂ ಹಳ್ಳಿಯಲ್ಲಿ ಒಂದು ಮನೆ ಕಟ್ಟಬಹುದು. ಬಿಡಿಭಾಗ ಅಗ್ಗವಲ್ಲ. 2010ರ ಡಿಸೆಂಬರಿನಲ್ಲಿ ಭಾರತಕ್ಕೆಂದೇ ಮಾಡಿದ ಎಟಿಯೋಸ್ ಬಂತು. ಒಳಗಿನ ಪ್ಲಾಸ್ಟಿಕ್ ನೋಡಿ ಮನೆ ಬಳಕೆಯವರು ಮುಖ ಸಿಂಡರಿಸಿದರು, ಟ್ಯಾಕ್ಸಿಯವರು ಮುಗಿಬಿದ್ದು ಕೊಂಡರು. ಟ್ಯಾಕ್ಸಿಯವರು ಕೊಂಡರು ಎಂಬ ಕಾರಣಕ್ಕೇ ಮನೆ ಬಳಕೆಯವರು ಇನ್ನಷ್ಟು ದೂರ ಸರಿದರು. ಗಾಡಿ ಒಳ್ಳೆಯದೆಂದು ಡ್ರೈವರುಗಳೆಲ್ಲ ಒಪ್ಪಿದರೆ ಮಾಲೀಕರಿಗೆ ಅದು ಬೇಡವಾಗುತ್ತದೆ, ನಮ್ಮ ದೇಶದ ಸ್ವಭಾವ ಹಾಗಿದೆ. ಇನ್ನೋವಾ ಒಂದು ಮಾತ್ರ ಹಳದಿ ಬೋರ್ಡಿನಲ್ಲೂ ಮಂತ್ರಿಗಳ ಮನೆಯಂಗಳದಲ್ಲೂ ಮರ್ಯಾದೆ ಉಳಿಸಿಕೊಂಡಿತು. ಇತ್ತೀಚೆಗೆ ಸುಜುಕಿಯ ಬಲೆನೋ ಕಾರೇ ಟೊಯೊಟಾ ಗುರುತು ಹಚ್ಚಿಕೊಂಡು ಗ್ಲಾಂಜಾ ಆಗಿ ಬರುತ್ತದೆ, ಸುಜುಕಿಯ ಗ್ರ್ಯಾಂಡ್ ವಿಟಾರಾ ಬಿಡದಿಯಲ್ಲಿ ತಯಾರಾಗುತ್ತದೆ. "ಇದು ಒರಿಜಿನಲ್ ಟೊಯೊಟಾನಾ?" ಎಂದು ಸ್ಟ್ಯಾಂಡಿನಲ್ಲಿ ಕೇಳುವುದರಲ್ಲಿ ತಪ್ಪೇನಿಲ್ಲ.

ಕಟ್ಟಿಕೊಂಡ ಹೆಸರು ಒಮ್ಮೆ ಬೀದಿಗೂ ಬಿದ್ದಿತು. 2008ರಲ್ಲಿ ಜನರಲ್ ಮೋಟಾರ್ಸನ್ನು ಹಿಂದೆ ಹಾಕಿ ಟೊಯೊಟಾ ಜಗತ್ತಿನ ಅತಿ ದೊಡ್ಡ ಕಾರು ಕಂಪನಿಯಾಯಿತು. ಮರುವರ್ಷವೇ ಅಮೆರಿಕದಲ್ಲಿ ಅದರ ಕಾರುಗಳು ತಾವಾಗಿಯೇ ವೇಗ ಹಿಡಿಯುತ್ತವೆ ಎಂಬ ದೂರು ಎದ್ದಿತು. ಕ್ಯಾಲಿಫೋರ್ನಿಯಾದಲ್ಲಿ ಒಂದು ಲೆಕ್ಸಸ್ ಕಾರಿನ ಆಕ್ಸಿಲರೇಟರ್ ಪೆಡಲಿಗೆ ಕಾಲೊರೆಸಿನ ಮ್ಯಾಟ್ ಸಿಕ್ಕಿಕೊಂಡು, ಅದರಲ್ಲಿದ್ದವರೆಲ್ಲ ಸತ್ತರು. ಕೆಲವು ಕಾರುಗಳಲ್ಲಿ ಪೆಡಲೇ ಅಂಟಿಕೊಳ್ಳುತ್ತಿತ್ತು. 80 ಲಕ್ಷಕ್ಕೂ ಮಿಕ್ಕಿ ವಾಹನಗಳನ್ನು ವಾಪಸು ಕರೆಸಬೇಕಾಯಿತು. ಎಲೆಕ್ಟ್ರಾನಿಕ್ ದೋಷವೇನೂ ಇಲ್ಲ ಎಂದು ನಾಸಾದ ಎಂಜಿನಿಯರುಗಳು 2011ರಲ್ಲಿ ಹೇಳಿದರೂ, ಗಿರಾಕಿಗಳಿಂದ ಸತ್ಯ ಮುಚ್ಚಿಟ್ಟದ್ದಕ್ಕೆ 2014ರಲ್ಲಿ ಕಂಪನಿ 120 ಕೋಟಿ ಡಾಲರ್ ದಂಡ ತೆತ್ತಿತು. 2010ರ ಫೆಬ್ರವರಿಯಲ್ಲಿ ಕಿಚಿರೋನ ಮೊಮ್ಮಗ, ಅಧ್ಯಕ್ಷ ಅಕಿಯೋ ಟೊಯೊಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಿದರು. ನಾವು ಬೆಳೆದ ವೇಗ ಅತಿಯಾಯಿತೇನೋ ಎಂಬ ಅರ್ಥದ ಮಾತನ್ನೂ ಆಡಿದರು. ಮಗ್ಗ ಕಂಡುಹಿಡಿದವನ ಮರಿಮೊಮ್ಮಗ ಹೇಳಬೇಕಾಗಿದ್ದೂ ಅದನ್ನೇ: ಎಳೆ ಕಡಿದಿತ್ತು, ಮಗ್ಗ ನಿಲ್ಲಲಿಲ್ಲ.

ಅಕಿಯೋ ಸ್ವತಃ ಕಾರು ಓಡಿಸುವ ಹುಚ್ಚಿನವರು. ಕಂಪನಿಯ ಹಿರಿಯ ಪರೀಕ್ಷಾ ಚಾಲಕ ಹಿರೋಮು ನರುಸೆ ಎಂಬವರು, ಓಡಿಸಲು ಬಾರದವರು ಕಾರಿನ ಬಗ್ಗೆ ಮಾತಾಡಬಾರದು ಎಂದು ಅವರನ್ನು ಗದರಿಸಿದ್ದರಂತೆ. ಯಜಮಾನರ ಮನೆಯ ಮಗನಿಗೆ ಒಬ್ಬ ಪರೀಕ್ಷಾ ಚಾಲಕ ಹಾಗೆ ಹೇಳಬಹುದಾದ ಕಂಪನಿ ಅದು. ಅಕಿಯೋ ನರುಸೆಯವರ ಕೈಕೆಳಗೆ ಕಲಿತು, ಮೊರಿಜೋ ಎಂಬ ಹೆಸರಿಟ್ಟುಕೊಂಡು ರೇಸಿಗೂ ಇಳಿದರು. 2010ರ ಜೂನಿನಲ್ಲಿ ಜರ್ಮನಿಯಲ್ಲಿ ಕಾರೊಂದನ್ನು ಪರೀಕ್ಷಿಸುತ್ತಿರುವಾಗಲೇ ನರುಸೆ ಅಪಘಾತದಲ್ಲಿ ತೀರಿಕೊಂಡರು. ಟೊಯೊಟಾ ಕಾರು ಸಪ್ಪೆ, ಓಡಿಸಲು ಮಜಾ ಇಲ್ಲ ಎಂಬ ಮಾತು ಅಮೆರಿಕದ ಕಾರುಪ್ರಿಯರಲ್ಲಿ ಬಹಳ ಕಾಲದಿಂದ ಇತ್ತು, ಅದು ಅಕಿಯೋಗೆ ಚುಚ್ಚುತ್ತಿತ್ತು. ನಮ್ಮ ಡ್ರೈವರುಗಳಿಗೆ ಅದು ದೂರೇ ಅಲ್ಲ. ಹೊಟ್ಟೆಪಾಡಿಗೆ ಓಡಿಸುವವರಿಗೆ ಸಪ್ಪೆಯಾಗಿ ಕಳೆದ ದಿನವೇ ಒಳ್ಳೆಯ ದಿನ.

ಬಿಡದಿಯಲ್ಲೂ ಎಲ್ಲ ಸುಸೂತ್ರವಾಗಿರಲಿಲ್ಲ. 2020ರ ನವೆಂಬರಿನಲ್ಲಿ ಕೆಲಸದ ಒತ್ತಡ ಹೆಚ್ಚಿಸಿದ್ದಾರೆ ಎಂದು ಕಾರ್ಮಿಕರು ಮುಷ್ಕರ ಹೂಡಿದರು, ಆಡಳಿತ ಬೀಗಮುದ್ರೆ ಹಾಕಿತು, ತಿಂಗಳುಗಟ್ಟಲೆ ಎಳೆದಾಡಿತು. 2024ರ ಜನವರಿಯಲ್ಲಿ ಇನ್ನೊಂದು ಸುದ್ದಿ. ಕೆಲವು ಡೀಸೆಲ್ ಎಂಜಿನ್ನುಗಳ ಪರೀಕ್ಷೆಯಲ್ಲಿ ಅಂಕಿಅಂಶ ನಯವಾಗಿ ಕಾಣುವಂತೆ ಕೈಚಳಕ ನಡೆದಿತ್ತೆಂದು ಹೊರಬಂದು, ಇಲ್ಲಿಯ ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ಗಾಡಿಗಳನ್ನು ಶೋರೂಮಿಗೆ ಕಳಿಸುವುದನ್ನು ಕೆಲವು ದಿನ ತಡೆಹಿಡಿದರು. ಆ ಎಂಜಿನ್ ಮಾಡುವ ಕಂಪನಿ ಬೇರೆ ಯಾವುದೂ ಅಲ್ಲ, ಸಾಕಿಚಿಯ ಹಳೆಯ ಮಗ್ಗದ ಕಂಪನಿಯೇ.

ಈಗ ಸ್ಟ್ಯಾಂಡಿನಲ್ಲಿ ಚರ್ಚೆ ನಡೆಯುತ್ತಿರುವುದು ಹೈಕ್ರಾಸ್ ಬಗ್ಗೆ. 2022ರ ನವೆಂಬರಿನಲ್ಲಿ ತೋರಿಸಿದ ಈ ಹೊಸ ಇನ್ನೋವಾದಲ್ಲಿ ಬೇರೆ ಚಾಸಿ ಇಲ್ಲ, ಡೀಸೆಲ್ ಇಲ್ಲ, ಎಳೆಯುವುದು ಮುಂದಿನ ಚಕ್ರ. ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿಯೂ ದುಡಿಯುವ ಹೈಬ್ರಿಡ್ ರೂಪವೂ ಇದೆ. ಅದು ಬರುವ ಮುಂಚೆ ಡೀಸೆಲ್ ಕ್ರಿಸ್ಟಾದ ಬುಕಿಂಗ್ ನಿಲ್ಲಿಸಿದ್ದರು. 2023ರ ಆರಂಭದಲ್ಲಿ ಮತ್ತೆ ತೆಗೆದುಕೊಳ್ಳಲು ಶುರುಮಾಡಿದರು, ಮ್ಯಾನುಯಲ್ ಗೇರಿನದ್ದು ಮಾತ್ರ. ಅದನ್ನು ಬಿಟ್ಟು ಬೇರೆ ಬೇಡ ಎನ್ನುವವರು ಅಷ್ಟು ಜನ ಇದ್ದರು. ಹೈಕ್ರಾಸ್ ಓಡಿಸಿದವರು ಮೈಲೇಜ್ ಚೆನ್ನಾಗಿದೆ, ಸದ್ದಿಲ್ಲ, ಸುಸ್ತಾಗುವುದಿಲ್ಲ ಎನ್ನುತ್ತಾರೆ. ಅದರ ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅಲ್ಲಿಯ ತನಕ ವಾರಂಟಿ. ಮನೆ ಬಳಕೆಯವರು ಇದರಲ್ಲಿ ಎಂಟು ವರ್ಷವನ್ನು ಓದಿಕೊಳ್ಳುತ್ತಾರೆ. ದಿನಕ್ಕೆ ಇನ್ನೂರು ಕಿಲೋಮೀಟರ್ ಓಡಿಸುವವನು ಕಿಲೋಮೀಟರನ್ನು ಓದಿ, ಬೆರಳಿನಲ್ಲಿ ಲೆಕ್ಕ ಹಾಕಿ, ಎರಡೂವರೆ ವರ್ಷವಾಗುವುದರೊಳಗೆ ಮುಗಿಯಿತಲ್ಲ, ಆಮೇಲೆ ಬ್ಯಾಟರಿಗೆ ಎಷ್ಟಾಗುತ್ತೆ ಎಂದು ಶೋರೂಮಿನವರನ್ನು ಕೇಳುತ್ತಿದ್ದಾನೆ.